ಹತ್ತು ಅಂಗುಲದ ದೋಣಿ

ಜೋಳ, ಕಬ್ಬು ಮತ್ತು ಮಗ್ಗಗಳ ಸೀಮೆಯಲ್ಲಿ ನಿವೃತ್ತ ಮಾಸ್ತರನೊಬ್ಬ ಕುಳಿತು ಮರದ ದೋಣಿ ಕಟ್ಟುತ್ತಿದ್ದಾನೆಂದರೆ ಕೇಳಿದವರಿಗೆ ನಗು ಬರುವುದು ಸಹಜ. ಆದರೆ ನಮ್ಮದು ದೋಣಿಯನ್ನರಿಯದ ನಾಡೇನೂ ಅಲ್ಲ. ಜಮಖಂಡಿ, ರಬಕವಿ, ಬೀಳಗಿಗಳ ಉತ್ತರಕ್ಕೆ ಕೃಷ್ಣೆ ಹರಿಯುತ್ತಾಳೆ; ಮುಧೋಳದ ಮಗ್ಗುಲಲ್ಲಿ ಘಟಪ್ರಭೆ. ರಬಕವಿಯಿಂದ ಮಹಿಷವಾಡಗಿಗೆ ದೋಣಿಯಲ್ಲಿ ದಾಟಿ ಸಂತೆಗೋ ಬೀಗರ ಮನೆಗೋ ಹೋಗಿಬಂದವರು ಈ ಬರಹವನ್ನು ಓದುತ್ತಿರುವ ನಿಮ್ಮಲ್ಲಿಯೇ ಅನೇಕರಿರಬಹುದು.

ಕಳೆದ ದೀಪಾವಳಿಗೆ ಅಮೆರಿಕದಿಂದ ಬಂದ ಮೊಮ್ಮಗ ಒಂದು ಪೆಟ್ಟಿಗೆಯನ್ನು ನನ್ನ ಕೈಗಿತ್ತನು. ಒಳಗೆ ಬಾಸ್‌ವುಡ್ ಎಂಬ ಹಗುರ ಮರದ ತೆಳುಹಲಗೆಗಳು, ನಕ್ಷೆ ಮತ್ತು ಕೈಪಿಡಿ. ಹೊಸದಾಗಿ ಕಲಿಯುವವರಿಗೆಂದೇ ಸಿದ್ಧಪಡಿಸಿದ ‘ಡೋರಿ’ ದೋಣಿಯ ಮಾದರಿ ಅದು. ಡೋರಿಯ ತಳ ಚಪ್ಪಟೆ, ಪಕ್ಕಗಳು ಹೊರಕ್ಕೆ ಚಾಚಿದವು. ಮ್ಯಾಸಚೂಸೆಟ್ಸ್ ಮೊದಲಾದ ಕಡೆಯ ಮೀನುಗಾರರು ಹಿಂದಿನ ಕಾಲದಲ್ಲಿ ಹಾಯಿಹಡಗುಗಳ ಮೇಲೆ ಇವನ್ನು ಬಟ್ಟಲುಗಳಂತೆ ಒಂದರೊಳಗೊಂದು ಜೋಡಿಸಿಕೊಂಡು, ನ್ಯೂಫೌಂಡ್‌ಲ್ಯಾಂಡ್ ಬಳಿಯ ಗ್ರ್ಯಾಂಡ್ ಬ್ಯಾಂಕ್ಸ್ ಎಂಬ ಕಡಲಿಗೆ ಕಾಡ್ ಮೀನು ಹಿಡಿಯಲು ಹೋಗುತ್ತಿದ್ದರು. ಕೂರುವ ಅಡ್ಡಹಲಗೆಗಳನ್ನು ತೆಗೆದರೆ ಹಾಗೆ ಜೋಡಿಸಲು ಬರುತ್ತಿತ್ತು. ಒಂದೊಂದು ಡೋರಿಯಲ್ಲಿ ಒಬ್ಬಿಬ್ಬರು ಇಳಿದು ಗಾಳ ಕಟ್ಟಿದ ಹಗ್ಗವನ್ನು ಬಿಡುತ್ತಿದ್ದರು. ಮಂಜು ಕವಿದು ಹಡಗು ಕಾಣದಾಗಿ ಮರಳದೆ ಹೋದವರೂ ಉಂಟು. ಏಮ್ಸ್‌ಬರಿ ಎಂಬ ಊರಿನಲ್ಲಿ 1793ರಲ್ಲಿ ಆರಂಭವಾದ ಲೊವೆಲ್ ಮನೆತನದ ದೋಣಿಶಾಲೆ ಡೋರಿಗಳಿಗೆ ಹೆಸರಾಗಿತ್ತು. ನನ್ನ ಮಾದರಿಯೂ ಲೊವೆಲ್ ಡೋರಿಯದೇ.

ಇದರ ಪ್ರಮಾಣ 1:24. ನಿಜವಾದ 20 ಅಡಿ ಇಲ್ಲಿ 10 ಅಂಗುಲ. ನನ್ನ ಬಳಿ ಗಣಿತ ಕಲಿತವರು ಇಲ್ಲಿ ತುಸು ನಿಲ್ಲಬೇಕು. ಉದ್ದ 24 ಪಟ್ಟು ಕಿರಿದಾದರೆ ಮೇಲ್ಮೈ 576 ಪಟ್ಟು, ಗಾತ್ರ 13,824 ಪಟ್ಟು ಕಿರಿದಾಗುತ್ತದೆ. ತನ್ನ ತೂಕ, ಹೊರೆ ಎಲ್ಲ ಸೇರಿ ಒಂದು ಟನ್ ನೀರನ್ನು ಸರಿಸುವ ದೋಣಿಯ ಮಾದರಿಯು ಸರಿಸುವುದು ಸುಮಾರು 72 ಗ್ರಾಂ ಮಾತ್ರ. ಕರಿಹಲಗೆಯ ಮೇಲೆ ವರ್ಷವರ್ಷವೂ ಬರೆದ ಘನದ ಲೆಕ್ಕ ಈಗ ಅಂಗೈಯಲ್ಲಿ ಕುಳಿತಿತ್ತು.

ಕಟ್ಟುವ ಕ್ರಮ ಹೀಗೆ. ಮೊದಲು ತಳದ ಹಲಗೆ, ಅದರ ಮೇಲೆ ಪಕ್ಕೆಲುಬುಗಳಂಥ ಚೌಕಟ್ಟುಗಳು, ಮುಂದೆ ಮೂತಿಯ ಕಂಬ. ಹಿಂದಿನ ಕಿರಿದಾದ ಹಲಗೆಗೆ, ಅದರ ಆಕಾರ ನೋಡಿ, ಅಲ್ಲಿನವರು ‘ಗೋರಿಕಲ್ಲು’ ಎಂದೇ ಹೆಸರಿಟ್ಟಿದ್ದಾರೆ. ಚೌಕಟ್ಟುಗಳ ಅಂಚನ್ನು ಮರಳು ಕಾಗದದಿಂದ ಓರೆಯಾಗಿ ಉಜ್ಜಿದ ಮೇಲೆಯೇ ಪಕ್ಕದ ಹಲಗೆಗಳು ಒಪ್ಪವಾಗಿ ಕೂರುತ್ತವೆ. ಹಲಗೆಯನ್ನು ನೀರಿನಲ್ಲಿ ನೆನೆಸಿ, ಮೆಲ್ಲಗೆ ಬಾಗಿಸಿ, ಬಟ್ಟೆಯ ಕ್ಲಿಪ್ಪುಗಳಿಂದ ಹಿಡಿಸಿ ಒಣಗಲು ಬಿಡಬೇಕು. ಎಡಕ್ಕೊಂದು ಕೂಡಿಸಿದರೆ ಬಲಕ್ಕೂ ಒಂದು ಕೂಡಿಸಬೇಕು. ಇಲ್ಲವಾದರೆ ಒಂದೇ ಎತ್ತು ಎಳೆದ ಚಕ್ಕಡಿಯಂತೆ ದೋಣಿ ಸೊಟ್ಟಗಾಗುತ್ತದೆ.

ಮುಧೋಳದಲ್ಲಿ ಬಡಿಗತನ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬ ಬಂದು ನೋಡಿ, “ಸರ, ಕಟಿಗಿ ಎಳಿ ನೋಡಿ ಕೆತ್ತಬೇಕ್ರಿ. ಅವಸರ ಮಾಡಬ್ಯಾಡ್ರಿ” ಎಂದನು. ಅವನಿಗೆ ನಾನು ಭಾಗಾಕಾರ ಕಲಿಸಿದ್ದೆ. ಅವನು ನನಗೆ ಉಳಿ ಮಸೆಯುವುದನ್ನು ಕಲಿಸಿದನು. ಡೋರಿಯನ್ನು ಎತ್ತಿ ಇಳಿಸಲು ಎರಡು ತುದಿಗಳಲ್ಲಿಯೂ ಹಗ್ಗದ ಕುಣಿಕೆಗಳಿರುತ್ತವೆ. ಅವುಗಳಿಗೆ ಬನಹಟ್ಟಿಯ ನೇಕಾರ ಶಿಷ್ಯನೊಬ್ಬ ತನ್ನ ಮಗ್ಗದ ನೂಲನ್ನೇ ಹುರಿಮಾಡಿ ಕೊಟ್ಟನು.

ಮೂರು ತಿಂಗಳಿಗೆ ದೋಣಿ ಮುಗಿಯಿತು. ಮುಗಿದ ಮೇಲೆ ಒಂದು ಯೋಚನೆ ನನ್ನನ್ನು ಬಿಡದಾಯಿತು. ಸಾವಿರಾರು ಮೈಲಿ ಆಚೆಯ ಮೀನುಗಾರರ ದೋಣಿಯನ್ನು ಜಮಖಂಡಿಯ ಮುದುಕನೊಬ್ಬ ಕಟ್ಟಲು ಸಾಧ್ಯವಾದದ್ದು, ಯಾರೋ ಅದನ್ನು ಅಳೆದು ಬರೆದಿಟ್ಟದ್ದರಿಂದ. ನಮ್ಮ ಹೊಳೆಯ ನಾವೆಯನ್ನು ಅಳೆದವರಾರು? ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನ ವಚನಗಳು ನಮಗೆ ಉಳಿದಿವೆ. ಅವನ ದೋಣಿಯ ಅಳತೆ ಉಳಿಯಲಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಮ್ಮದೇ ಹಣ, ತಮ್ಮದೇ ದುಡಿಮೆಯಿಂದ ಬ್ಯಾರೇಜು ಕಟ್ಟಿದರು. ಆ ಜಲಾಶಯ ‘ಶ್ರಮಬಿಂದು ಸಾಗರ’ ಎನಿಸಿತು. ಅದರ ಕಥೆಯನ್ನು ಬರೆದವರಿದ್ದಾರೆ, ಆದ್ದರಿಂದ ಅದು ಮಕ್ಕಳಿಗೂ ಗೊತ್ತು. ಮುಂದೆ ಆಲಮಟ್ಟಿಯ ಹಿನ್ನೀರು ಬೀಳಗಿ ಕಡೆಯ ಎಷ್ಟೋ ಹಳ್ಳಿಗಳನ್ನು ನುಂಗಿತು. ಊರುಗಳೊಂದಿಗೆ ದೋಣಿ ನಿಲ್ಲುತ್ತಿದ್ದ ದಂಡೆಗಳೂ ನೀರಿನೊಳಗಾದವು.

ಹೀಗಾಗಿ ನನ್ನ ಡೋರಿಯನ್ನು ಕೈಚೀಲದಲ್ಲಿಟ್ಟುಕೊಂಡು ಹೊಳೆಯ ದಂಡೆಯ ಹಳ್ಳಿಯೊಂದಕ್ಕೆ ಹೋದೆ. ಅಲ್ಲಿ ಎಂಬತ್ತು ದಾಟಿದ ಅಂಬಿಗ ಹಿರಿಯರೊಬ್ಬರಿದ್ದಾರೆ. ಮಕ್ಕಳು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗುತ್ತಾರೆ; ದೋಣಿಯ ಕೆಲಸ ಇವರಿಗೇ ಕೊನೆ. ಅವರು ಡೋರಿಯನ್ನು ಬೋರಲು ಹಾಕಿ ತಳವನ್ನು ಬೆರಳಿನಿಂದ ಸವರಿದರು. ಬಳಿಕ, “ಚಂದ ಐತ್ರಿ. ಒಳಗ ಬಂದ ನೀರು ಎಲ್ಲಿಂದ ತೋಡತೀರಿ?” ಎಂದು ಕೇಳಿದರು. ದೋಣಿಯಲ್ಲಿ ಬಾಳಿದವರು ಮಾತ್ರ ಕೇಳಬಲ್ಲ ಪ್ರಶ್ನೆಯದು.

ಅವರ ನಾವೆ ಎಷ್ಟು ಅಗಲವಿತ್ತೆಂದು ಕೇಳಿದೆ. ಅಡಿ, ಅಂಗುಲಗಳ ಲೆಕ್ಕ ಅವರದಲ್ಲ, ಗೇಣು, ಮೊಳಗಳದು. ಎರಡೂ ಕೈಗಳನ್ನು ಚಾಚಿ, “ಇಷ್ಟ ಅಗಲ ಇತ್ರಿ” ಎಂದರು. ಆ ಚಾಚಿದ ಕೈಗಳಿಗೇ ಟೇಪು ಹಿಡಿದೆ: ಐದು ಅಡಿ ಎರಡು ಅಂಗುಲ. ಕೈಗಳು ನಡುಗುತ್ತಿದ್ದುದರಿಂದ ಮೂರು ಸಲ ಅಳೆದು ಬರೆದುಕೊಂಡೆ. ಆ ದಿನ ನಾಲ್ಕು ಪುಟ ತುಂಬಿದವು. ಇನ್ನೆಷ್ಟು ಪುಟಗಳಿಗೆ ಕಾಲ ಕೊಡುವುದೋ!

ನನ್ನ ಶಿಷ್ಯರಲ್ಲಿ ಮತ್ತು ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮೂರಿನಲ್ಲಿ ಇಂಥ ಹಿರಿಯರಿದ್ದರೆ ಈ ರಜೆಯಲ್ಲಿಯೇ ಟೇಪು, ನೋಟುಬುಕ್ಕು ಹಿಡಿದು ಹೋಗಿರಿ. ಉದ್ದ, ಅಗಲ, ಆಳ, ಹಲಗೆಯ ದಪ್ಪ, ಬಳಸಿದ ಮರ, ಸಂದು ಮುಚ್ಚಿದ ಬಗೆ ಇವನ್ನೆಲ್ಲ ಕೇಳಿರಿ. ಒಂದೊಂದು ಭಾಗಕ್ಕೂ ಅವರು ಹೇಳುವ ಹೆಸರನ್ನು ತಿದ್ದದೆ, ಅವರ ಬಾಯಿಂದ ಬಂದಂತೆಯೇ ಬರೆದುಕೊಳ್ಳಿರಿ. ನನಗೆ ಕಳುಹಿಸಿದರೆ 1:24ರ ಪ್ರಮಾಣದಲ್ಲಿ ನಕ್ಷೆ ಬರೆಯುವ ಕೆಲಸ ನನ್ನದು. ಮುಧೋಳದ ಶಿಷ್ಯ ಮರ ಕೊಡುವೆನೆಂದಿದ್ದಾನೆ. ಕಣ್ಣು ಕಾಣುವಷ್ಟು ದಿನ ನಾನು ಸಿದ್ಧನಿದ್ದೇನೆ.