ಟೇಬಲ್ ಮೇಲಿನ ಬಾಟಲಿ, ಫ್ರಿಜ್ಜಿನೊಳಗಿನ ಬಾಟಲಿ

ಮಡಿಕೇರಿಯ ರೆಸಾರ್ಟೊಂದರ ಕೋಣೆಗೆ ಕಾಲಿಟ್ಟಾಗ ದೊಡ್ಡವರ ಕಣ್ಣು ಹೋಗುವುದು ಕಿಟಕಿಯಾಚೆಯ ಕಾಫಿ ತೋಟದ ಕಡೆಗೆ, ಮಕ್ಕಳ ಕಣ್ಣು ಹೋಗುವುದು ಮೂಲೆಯ ಪುಟ್ಟ ಫ್ರಿಜ್ಜಿನ ಕಡೆಗೆ. ಟೇಬಲ್ ಮೇಲೆ ಎರಡು ನೀರಿನ ಬಾಟಲಿ, ಫ್ರಿಜ್ಜಿನೊಳಗೂ ಎರಡು. ನೋಡಲು ಅವಳಿ ಮಕ್ಕಳಂತಿದ್ದರೂ ಹೊರಗಿನವು ಪುಕ್ಕಟೆ, ಒಳಗಿನವಕ್ಕೆ ಕಾಸು. ಬಾಟಲಿ ತಿರುಗಿಸಿ ಎಂಆರ್‌ಪಿ ಓದಿ, ರಿಸೆಪ್ಷನ್‌ನಲ್ಲಿ ಜಗಳಕ್ಕೆ ನಿಲ್ಲುವ ಯಜಮಾನರಿಗೆ ಗೆಲುವು ಕಷ್ಟ. ಹೋಟೆಲಿನಲ್ಲಿ ಬರೀ ನೀರು ಮಾರುವುದಿಲ್ಲ, ಅದರ ಜೊತೆ ಸೇವೆಯೂ ಇರುತ್ತದೆ, ಹಾಗಾಗಿ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿಬಿಟ್ಟಿದೆ. ಮಕ್ಕಳು ಬಾಯಿ ಹಾಕುವ ಮುಂಚೆ ಫ್ರಿಜ್ಜಿನ ಬಾಗಿಲು ಮುಚ್ಚುವುದೇ ವಾಸಿ.

ಲೆಕ್ಕ ಶುರುವಾಗುವುದು ಮಡಿಕೇರಿಯಲ್ಲಲ್ಲ, ಮನೆಯಲ್ಲೇ, ಬುಕ್ಕಿಂಗ್ ಮಾಡುವಾಗ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ ಜಿಎಸ್‌ಟಿ ಶೇ 5, ಅದನ್ನು ದಾಟಿದರೆ ಶೇ 18. 7,500ರ ಕೋಣೆ ತೆರಿಗೆ ಸೇರಿ 7,875 ಆಗುತ್ತದೆ. 7,600ರ ಕೋಣೆ 8,968. ಬಾಲ್ಕನಿಯಿಂದ ಇನ್ನೊಂದು ಗುಡ್ಡ ಕಾಣುತ್ತದೆಂದು ನೂರು ರೂಪಾಯಿ ಮೇಲೆ ಹೋದವರು ನಿಜವಾಗಿ ತೆರುವುದು 1,093 ರೂಪಾಯಿ. ಆ ಗುಡ್ಡಕ್ಕೂ ಮಂಜು ಮುಸುಕಿರಬಹುದು, ಅದು ಬೇರೆ ಮಾತು.

ಆ್ಯಪ್‌ಗಳ ಆಟವೇ ಬೇರೆ. ಮೊದಲು ಕಡಿಮೆ ದರ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಒಂದೊಂದೇ ಶುಲ್ಕ ತುರುಕುವ ಈ ಚಾಳಿ, 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ನಿಷೇಧಿಸಿದ 13 ಬಗೆಯ ಮೋಸದ ತಂತ್ರಗಳಲ್ಲಿ ಒಂದು. ನಿಷೇಧವೇನೋ ಇದೆ, ಆದರೂ ಕೊನೆಯ ಪುಟದ ಮೊತ್ತ ನೋಡುವ ತನಕ ಮನೆಮಂದಿಗೆ ಸುದ್ದಿ ಹೇಳದಿರುವುದು ಒಳ್ಳೆಯದು.

ಇನ್ನು ಊಟ. ರೇಟಿನ ಪಕ್ಕ ಇಪಿ ಎಂದಿದ್ದರೆ ಬರೀ ಕೋಣೆ, ಸಿಪಿ ಎಂದರೆ ತಿಂಡಿಯೂ ಸೇರಿತು, ಎಂಎಪಿ ಎಂದರೆ ತಿಂಡಿಯ ಜೊತೆ ಒಂದು ಊಟ, ಎಪಿ ಎಂದರೆ ಮೂರು ಹೊತ್ತೂ ಅಲ್ಲೇ. ಇದು ಗೊತ್ತಿಲ್ಲದವರು ಫೋನಿನಲ್ಲಿ "ಊಟ ಇದೆಯಾ?" ಎಂದು ಕೇಳುತ್ತಾರೆ. "ಇದೆ ಸಾರ್" ಎಂಬ ಉತ್ತರ ಬರುತ್ತದೆ. ಸುಳ್ಳೇನಲ್ಲ, ಊಟ ಇದೆ, ಬಿಲ್ಲು ಬೇರೆ. ಬಲ್ಲವರು "ಊಟ ಈ ರೇಟಿನಲ್ಲೇ ಸೇರಿದೆಯಾ? ಎಂಟು ವರ್ಷದ ಮಗುವಿಗೆ ಚಾರ್ಜು ಇದೆಯಾ? ಡ್ರೈವರ್‌ಗೆ ಮಲಗಲು ಜಾಗ ಕೊಡ್ತೀರಾ? ಕ್ಯಾಂಪ್‌ಫೈರ್‌ಗೆ ಎಷ್ಟು?" ಎಂದು ವಾಟ್ಸ್‌ಆ್ಯಪ್‌ನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯುತ್ತಾರೆ. ಮ್ಯಾನೇಜರ್ ಬದಲಾದರೂ ಮೆಸೇಜು ಫೋನಿನಲ್ಲೇ ಇರುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಖರ್ಚು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ, ಅದು ಇರುವುದು ನಕ್ಷೆಯಲ್ಲಿ. "ಊರಿನ ಗದ್ದಲದಿಂದ ದೂರ, ತೋಟದ ನಡುವೆ" ಎಂದು ರೆಸಾರ್ಟುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ, ಮಳೆ ಹೊಯ್ಯುವ ರಾತ್ರಿ ಒಂಬತ್ತಕ್ಕೆ ಮಗುವಿಗೆ ಹಸಿವಾದರೆ ಮೊಸರನ್ನಕ್ಕೂ ಅಲ್ಲಿನ ಮೆನುವೇ ಗತಿ. ದುಬಾರಿ ಕೋಣೆಗಳ ಹೋಟೆಲಿನೊಳಗಿನ ಊಟಕ್ಕೆ ಜಿಎಸ್‌ಟಿಯೂ ಸಾಮಾನ್ಯವಾಗಿ ಶೇ 18, ಪೇಟೆಯ ಹೋಟೆಲಿನಲ್ಲಾದರೆ ಶೇ 5. ಮಾಂದಲ್‌ಪಟ್ಟಿ ಗುಡ್ಡಕ್ಕೆ ಹೋಗುವ ಜೀಪನ್ನೂ ರಿಸೆಪ್ಷನ್‌ನವರೇ ಗೊತ್ತು ಮಾಡಿಕೊಟ್ಟರೆ ಅದರಲ್ಲಿ ಅವರ ಪಾಲೂ ಇರಬಹುದು. ಪೇಟೆಯಲ್ಲೇ ಉಳಿದವರ ಕಥೆ ಬೇರೆ. ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ವ್ಯಾಲಿ ವ್ಯೂನಿಂದ ರಾಜಾಸೀಟಿಗೆ ನಡೆದೇ ಹೋಗಬಹುದು. ಸಂಜೆ ಸೂರ್ಯ ಮುಳುಗುವುದನ್ನು ನೋಡಿ, ಇಳಿದು ಬಂದು, ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಬಿಸಿ ಕಡಂಬುಟ್ಟು, ಪಂದಿ ಕರಿ ಉಣ್ಣಬಹುದು. ಪಂದಿ ಒಲ್ಲದವರಿಗೆ ನೂಲ್‌ಪುಟ್ಟು, ಮಳೆಗಾಲವಾದರೆ ಕಳಲೆ ಪಲ್ಯ. ಕೊಡಗಿನ ರುಚಿ ಸಿಗುವುದು ಇಲ್ಲಿ. ರೆಸಾರ್ಟಿನ ಬಫೆಯಲ್ಲಿ ಅದರ ಪಕ್ಕ ಪನೀರ್ ಬಟರ್ ಮಸಾಲೆಯೂ ಕೂತಿರುತ್ತದೆ.

ರಾತ್ರಿ ಬಸ್ಸಿಗೆ ಬೆಂಗಳೂರು ಬಿಟ್ಟು ನಸುಕಿಗೆ ಇಳಿಯುವವರ ಕಷ್ಟ ಇನ್ನೊಂದು ತರಹ. ಚೆಕ್‌ಇನ್ ಮಧ್ಯಾಹ್ನ ಎರಡಕ್ಕೆ, ಚೆಕ್‌ಔಟ್ ಬೆಳಿಗ್ಗೆ ಹನ್ನೊಂದಕ್ಕೆ ಎಂದರೆ ಹೋಟೆಲಿನ ಒಂದು ದಿನಕ್ಕೆ 21 ಗಂಟೆ. ಬೆಳಿಗ್ಗೆ ಆರಕ್ಕೆ ಕೋಣೆ ಬೇಕೆಂದರೆ ಅರ್ಧ ದಿನದ ಬಾಡಿಗೆ ಕೇಳಿಯಾರು. ಬಸ್‌ಸ್ಟ್ಯಾಂಡ್ ಪಕ್ಕದ ಹಳೇ ಲಾಡ್ಜುಗಳ "24 ಗಂಟೆ ಚೆಕ್‌ಔಟ್" ಬೋರ್ಡಿನ ಬೆಲೆ ಈ ಹೊತ್ತಿನಲ್ಲಿ ತಿಳಿಯುತ್ತದೆ.

ಬಿಲ್ಲನ್ನು ಹಿಂದಿನ ರಾತ್ರಿಯೇ ತರಿಸಿ ನೋಡಿದರೆ ಬೆಳಿಗ್ಗೆ ಸೂಟ್‌ಕೇಸು ಹಿಡಿದು ಚರ್ಚೆ ಮಾಡುವುದು ತಪ್ಪುತ್ತದೆ. ಊಟದ ಬಿಲ್ಲಿನಲ್ಲಿ ತಾನಾಗಿ ಸೇರಿಕೊಂಡ ಸರ್ವಿಸ್ ಚಾರ್ಜನ್ನು ತೆಗೆಯಿರಿ ಎಂದು ಸಂಕೋಚವಿಲ್ಲದೆ ಹೇಳಬಹುದು. ಅದನ್ನು ಬಲವಂತವಾಗಿ ಹಾಕುವಂತಿಲ್ಲ ಎಂಬ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಸೂಚನೆಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಉಳಿದ ದುಡ್ಡನ್ನು ಬಿಸಿನೀರು ಹೊತ್ತು ತಂದ ಹುಡುಗನ ಕೈಗೆ ಇಡಬಹುದು. ರಿಸೆಪ್ಷನ್‌ನವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಅಲ್ಲಿ ಕನ್ನಡದಲ್ಲೇ ದೂರು ಹೇಳಿಕೊಳ್ಳಬಹುದು.