ಹದಿನೈದರ ಬೆನ್ನಿಗೊಂದು ಬಾಲ

ಮಕ್ಕಳನ್ನು ಕನ್ನಡ ಮಾಧ್ಯಮದಲ್ಲಿ ಓದಿಸುತ್ತಿರುವ ಕಾಸರಗೋಡಿನ ಹೆತ್ತವರು ನನ್ನೊಡನೆ ಮಾತಿಗೆ ಕುಳಿತಾಗಲೆಲ್ಲ ಒಂದು ಅಳುಕನ್ನು ಮುಂದಿಡುತ್ತಾರೆ: ಶಾಲೆಯ ಪಾಠವೇನೋ ಸರಿ, ಕಂಪ್ಯೂಟರಿನ ಒಳಮರ್ಮವನ್ನು ಕನ್ನಡದಲ್ಲಿ ತಿಳಿಯಲಾದೀತೆ? ಒಂಬತ್ತನೆಯ ತರಗತಿಯ ನನ್ನ ಮಗಳಿಗಾಗಿ ಕಳೆದ ಬೇಸಗೆ ರಜೆಯಲ್ಲಿ ಲುವಾಜಿಟ್ ಎಂಬ ತಂತ್ರಾಂಶದ ಕೈಪಿಡಿಯ ಎರಡು ಭಾಗಗಳನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಆ ಅನುಭವವನ್ನೇ ಉತ್ತರವಾಗಿ ಇಲ್ಲಿಡುತ್ತೇನೆ.

ಲುವಾ 1993ರಲ್ಲಿ ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಪ್ರೋಗ್ರಾಮಿಂಗ್ ಭಾಷೆ; ಪೋರ್ಚುಗೀಸಿನಲ್ಲಿ ಆ ಪದಕ್ಕೆ ಚಂದ್ರನೆಂದರ್ಥ. ಸಾಮಾನ್ಯ ಲುವಾದಲ್ಲಿ ಇಂಟರ್‌ಪ್ರಿಟರ್ ದುಭಾಷಿಯಂತೆ ಒಂದೊಂದೇ ಆದೇಶವನ್ನು ಓದಿ ನಡೆಸುತ್ತದೆ. ಮೈಕ್ ಪಾಲ್ ರಚಿಸಿದ ಲುವಾಜಿಟ್ ಹಾಗಲ್ಲ. ಪ್ರೋಗ್ರಾಮ್ ನಡೆಯುತ್ತಿರುವಾಗಲೇ, ಪದೇ ಪದೇ ಮರುಕಳಿಸುವ ಭಾಗಗಳನ್ನು ಗುರುತಿಸಿ ನೇರವಾಗಿ ಯಂತ್ರಭಾಷೆಗೆ ತಿರುಗಿಸಿಬಿಡುತ್ತದೆ. ಅದರ ಎಫ್‌ಎಫ್‌ಐ ಎಂಬ ಅಂಗವು ಸಿ ಭಾಷೆಯ ಫಂಕ್ಷನ್‌ಗಳನ್ನು ಲುವಾದಿಂದಲೇ ಕರೆಯಲು ದಾರಿಮಾಡುತ್ತದೆ. ಸಿ ಭಾಷೆಯ ಘೋಷಣೆಯನ್ನು ಇದ್ದಂತೆಯೇ ಒಮ್ಮೆ ಬರೆದರೆ ಸಾಕು.

ಮಗಳು ಮೊದಲು ಕರೆದದ್ದು ಪದದ ಉದ್ದವನ್ನು ಅಳೆಯುವ ಫಂಕ್ಷನ್ನನ್ನು. ಕೊಟ್ಟ ಪದ "ಕನ್ನಡ". ಮನೆಯ ಹಳೆಯ 32 ಬಿಟ್ ಕಂಪ್ಯೂಟರ್ 15 ಎಂದಿತು. 64 ಬಿಟ್‌ನ ಲ್ಯಾಪ್‌ಟಾಪ್ ಆ 15ರ ಬೆನ್ನಿಗೆ ಯು, ಎಲ್, ಎಲ್ ಎಂಬ ಮೂರು ಅಕ್ಷರಗಳನ್ನೂ ಅಂಟಿಸಿತು.

"ಅಪ್ಪಾ, ಮೂರಕ್ಷರದ ಪದ ಹದಿನೈದು ಹೇಗಾಯಿತು? ಈ ಬಾಲ ಎಲ್ಲಿಂದ ಬಂತು?"

ಕ, ನ, ಒತ್ತಕ್ಷರವನ್ನು ಕೂಡಿಸುವ ಗುರುತು, ಮತ್ತೊಂದು ನ, ಡ: ಯಂತ್ರಕ್ಕೆ ಇವು ಐದು ಸಂಕೇತಗಳು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್. ಸಿ ಎಣಿಸುವುದು ಬೈಟುಗಳನ್ನೇ. ಇಂಗ್ಲಿಷ್ ಪದವನ್ನು ಕೊಟ್ಟಿದ್ದರೆ ಅಕ್ಷರಕ್ಕೊಂದು ಬೈಟಾಗಿ ಲೆಕ್ಕ ಸರಿಹೊಂದುತ್ತಿತ್ತು, ಪ್ರಶ್ನೆಯೇ ಏಳುತ್ತಿರಲಿಲ್ಲ! ಇನ್ನು ಬಾಲದ ಮಾತು. ಉದ್ದವನ್ನು ತಿಳಿಸುವ ಸಂಖ್ಯೆಗೆ ಆ ಲ್ಯಾಪ್‌ಟಾಪಿನಲ್ಲಿ 64 ಬಿಟ್‌ಗಳ ಅಗಲ. ಲುವಾಜಿಟ್‌ನ ಸಾಮಾನ್ಯ ಸಂಖ್ಯೆಯಾದರೋ ಪೂರ್ಣಾಂಕಗಳನ್ನು ಒಂದೂ ಬಿಡದಂತೆ ಹಿಡಿದಿಡುವುದು 2ರ 53ನೆಯ ಘಾತದವರೆಗೆ ಮಾತ್ರ. ಆದಕಾರಣ ಅದು 64 ಬಿಟ್‌ನ ಸಂಖ್ಯೆಯನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು, ಮೇಲೊಂದು ಚೀಟಿ ಅಂಟಿಸಿ ಕೊಡುತ್ತದೆ. ಹಳೆಯ ಯಂತ್ರದ 32 ಬಿಟ್ ಸಂಖ್ಯೆಗೆ ಈ ತೊಡಕಿಲ್ಲ. ಬೈಟ್, ಬಿಟ್ ಎಂಬ ಪದಗಳು ಇಂಗ್ಲಿಷಿನವೇ ಆಗಿ ಉಳಿದವು, ವಿವರಣೆ ಕನ್ನಡದ್ದು. ಅವಳು ಮರುದಿನ ಅದನ್ನು ತಮ್ಮನಿಗೆ ಹೇಳಿಕೊಡುತ್ತಿದ್ದಳು.

ಕೈಪಿಡಿಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅದರ ಪ್ರಾಮಾಣಿಕತೆ. ಯಾವ ಪ್ರೊಸೆಸರ್, ಯಾವ ಕಾರ್ಯಾಚರಣ ವ್ಯವಸ್ಥೆ ಎಂಬುದನ್ನು ಅದು ಕೋಷ್ಟಕದಲ್ಲಿಡುತ್ತದೆ. ಐಫೋನಿನ ಸಾಮಾನ್ಯ ಆ್ಯಪ್‌ಗಳು ನಡೆಯುತ್ತಿರುವಾಗ ಹೊಸ ಯಂತ್ರಸಂಕೇತವನ್ನು ಸೃಷ್ಟಿಸಲು ಅನುಮತಿಯಿಲ್ಲ. ಆದ್ದರಿಂದ ಅಲ್ಲಿ ಕಂಪೈಲರ್ ನಿಷ್ಕ್ರಿಯ, ಇಂಟರ್‌ಪ್ರಿಟರಿನ ವೇಗವಷ್ಟೇ ದೊರೆಯುವುದೆಂದು ಸ್ಪಷ್ಟವಾಗಿ ತಿಳಿಸುತ್ತದೆ. ಎಫ್‌ಎಫ್‌ಐ ಬಳಸುವವರಿಗೆ ಲುವಾದ ಎಂದಿನ ಸ್ಮೃತಿರಕ್ಷಣೆ ಇರುವುದಿಲ್ಲವೆಂಬುದನ್ನೂ ಮುಚ್ಚಿಡುವುದಿಲ್ಲ.

ನಮ್ಮ ಶಾಲೆಯ ಫಲಕದಲ್ಲಿ ಇರುವುದು "ಕನ್ನಡ ಮಾಧ್ಯಮವಿದೆ" ಎಂಬ ಎರಡು ಪದ. ಗಣಿತಕ್ಕೆ ಬಂದ ಅಧ್ಯಾಪಕರಿಗೆ ಕನ್ನಡ ಬಾರದೆಂಬುದು ನಮಗೆ ತಿಳಿದದ್ದು ಮಕ್ಕಳ ನೋಟುಪುಸ್ತಕಗಳಿಂದ. ಅವರು ಒಳ್ಳೆಯವರು, ವಿಷಯವನ್ನೂ ಬಲ್ಲವರು. ಆದರೆ ಮಗಳು ಮಲಯಾಳದ ಒಂದೊಂದು ವಾಕ್ಯವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳುವಷ್ಟರಲ್ಲಿ ಕರಿಹಲಗೆಯ ಲೆಕ್ಕ ಅಳಿಸಿಹೋಗಿರುತ್ತದೆ. ಕೆಲಸವೇನೋ ನಡೆಯುತ್ತದೆ, ಇಂಟರ್‌ಪ್ರಿಟರಿನ ವೇಗದಲ್ಲಿ.

ಮುಂದಿನ ರಕ್ಷಕ-ಶಿಕ್ಷಕ ಸಭೆಗೆ ನಾನೊಂದು ಖಾಲಿ ಕೋಷ್ಟಕವನ್ನು ಒಯ್ಯಲಿದ್ದೇನೆ. ಅಡ್ಡಸಾಲಿನಲ್ಲಿ ತರಗತಿಗಳು, ಉದ್ದಸಾಲಿನಲ್ಲಿ ವಿಷಯಗಳು. ಪ್ರತಿ ಮನೆಯಲ್ಲೂ ಮೂರು ಪ್ರಶ್ನೆ: ಪಠ್ಯಪುಸ್ತಕ ಕನ್ನಡದ್ದೇ, ಅಧ್ಯಾಪಕರು ಕನ್ನಡ ಬಲ್ಲರೇ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಬರುವುದೇ? "ಇಲ್ಲ" ಎಂದು ಬರೆಯಬೇಕಾದಲ್ಲಿ "ಇಲ್ಲ" ಎಂದೇ ಬರೆದು, ಮುಖ್ಯೋಪಾಧ್ಯಾಯರು ಸಹಿ ಹಾಕಿ ಕೊಡಲೆಂದು ಕೇಳುವೆ. ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತಗಳ ಹೆತ್ತವರಿಗೂ ಬೇಕಿದ್ದರೆ ಆ ಕೋಷ್ಟಕವನ್ನು ಕಳುಹಿಸಿಕೊಡುತ್ತೇನೆ.