ಅಪ್ಪನ ಶಂಟಿಂಗ್ ಎಂಜಿನ್

ಪುಣೆಯ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕಿ ಉಳಿದ ಜಾಗವೇ ನನ್ನ ವರ್ಕ್‌ಶಾಪು. ಅಲ್ಲಿ ಎಂಟು ತಿಂಗಳಿಂದ ಒಂದು ರೈಲ್ವೆ ಎಂಜಿನ್ ತಯಾರಾಗುತ್ತಿದೆ. ಉದ್ದ ಹೆಚ್ಚುಕಡಿಮೆ ಒಂದು ಗೇಣು.

ಅದು ಡಬ್ಲ್ಯುಡಿಎಸ್-6. ಎಕ್ಸ್‌ಪ್ರೆಸ್ ಎಳೆಯುವ ಗತ್ತಿನ ಎಂಜಿನ್ ಅಲ್ಲ, ಯಾರ್ಡಿನಲ್ಲಿ ಹಗಲೂ ರಾತ್ರಿ ವ್ಯಾಗನ್ ಜೋಡಿಸಿ ಬಿಡಿಸುವ ಶಂಟರ್. 1970ರ ದಶಕದಿಂದ ವಾರಾಣಸಿಯಲ್ಲಿ ಕಟ್ಟಿದ್ದು, ಹೊಟ್ಟೆಯಲ್ಲಿ ಆರು ಸಿಲಿಂಡರಿನ ಆಲ್ಕೊ ಡೀಸೆಲ್. ಅಪ್ಪ ಹುಬ್ಬಳ್ಳಿಯಲ್ಲಿ ಶಂಟಿಂಗ್ ಜಮಾದಾರ್ ಆಗಿದ್ದರು. ಶಾಲೆಯ ಫಾರಂನಲ್ಲಿ ನಾನು ಬರೆಯುತ್ತಿದ್ದದ್ದು ಮಾತ್ರ ‘ರೈಲ್ವೆ ನೌಕರ’ ಅಂತ. ಜಮಾದಾರ್ ಅಂದರೆ ಗೆಳೆಯರು ನಗುತ್ತಾರೆಂಬ ಭಯ.

ನನಗೆ ಬೇಕಾದ ಮಾಡೆಲ್ ಎಲ್ಲೂ ಸಿಗಲಿಲ್ಲ. ಹಳೆಯ ಅಮೆರಿಕನ್ ಆಲ್ಕೊ ಶಂಟರಿನ ಮಾಡೆಲೊಂದನ್ನು ಸೆಕೆಂಡ್‌ಹ್ಯಾಂಡ್ ಕೊಂಡು ಕತ್ತರಿಸಲು ಕೂತೆ. ಅದಕ್ಕೆ ನಾಲ್ಕು ಆಕ್ಸಲ್, ನಮ್ಮದಕ್ಕೆ ಆರು. ಕೆಳಗಿನ ಚಾಸಿಸ್ ಬೇರೆ ಎಂಜಿನ್ನಿನಿಂದ ತಂದೆ. ಅದಕ್ಕೆ ಬಫರ್ ಇಲ್ಲ, ನಮ್ಮದಕ್ಕೆ ಎರಡೂ ತುದಿಗೆ ಎರಡೆರಡು. ಹಿತ್ತಾಳೆಯಲ್ಲಿ ಕಡೆಸಿ ಅಂಟಿಸಿದೆ. ಸ್ಕೇಲ್ ಎಚ್‌ಒ, ಅಂದರೆ 87ರಲ್ಲಿ ಒಂದು ಪಾಲು. ಆ ಲೆಕ್ಕಕ್ಕೆ ನಮ್ಮ 1676 ಮಿಲಿಮೀಟರ್ ಬ್ರಾಡ್‌ಗೇಜ್ 19 ಮಿ.ಮೀ. ದಾಟಬೇಕು. ಅಂಗಡಿಯ ಹಳಿ ಹದಿನಾರೂವರೆ. ಅಷ್ಟು ಸುಳ್ಳನ್ನು ಒಪ್ಪಿಕೊಂಡೆ. ಮೈಮೇಲೆ ‘ದ.ಪ.ರೇ’ ಬರೆಯಬೇಕೋ ‘ದ.ಮ.ರೇ’ ಬರೆಯಬೇಕೋ ಅಂತ ವಾರಗಟ್ಟಲೆ ಒದ್ದಾಡಿದೆ. ನೈರುತ್ಯ ರೈಲ್ವೆ ಶುರುವಾದದ್ದು 2003ರಲ್ಲಿ. ಅಪ್ಪನ ಸರ್ವಿಸ್ ಬಹುಪಾಲು ದಕ್ಷಿಣ ಮಧ್ಯದಲ್ಲೇ ಕಳೆದದ್ದು. ‘ದ.ಮ.ರೇ’ ಗೆದ್ದಿತು.

ಅವ್ವ ಹೋದ ಮೇಲೆ ಅಪ್ಪ ನಮ್ಮ ಜೊತೆಗಿದ್ದಾರೆ. ಇಲ್ಲಿ ಅವರಿಗೆ ಮಾತಾಡಲು ಜನವಿಲ್ಲ, ಇದ್ದವರ ಜೊತೆ ಮಾತಿಲ್ಲ. ಬಣ್ಣ ಹೊಡೆದು ಮುಗಿಸಿದ ಎಂಜಿನ್ನನ್ನು ಒಂದು ಸಂಜೆ ಅವರ ಮುಂದಿಟ್ಟೆ. ಪೇಪರ್ ಓದುವ ಭೂತಗನ್ನಡಿಯಲ್ಲಿ ತಿರುವಿ ತಿರುವಿ ನೋಡಿದರು.

“ಛಲೋ ಐತಿ. ಆದ್ರ ಇದರ ಮ್ಯಾಲೆ ಯಾರೂ ಕೆಲಸ ಮಾಡಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವರು ಮೆಟ್ಟಿಲ ಪಕ್ಕದ ಕಂಬಿಯನ್ನು ಉಗುರಿನಿಂದ ಮುಟ್ಟಿದರು. “ಇಷ್ಟ ದಪ್ಪ ಕಂಬಿ ಮುಷ್ಟಿಯಾಗ ಬರ್ತೈತೇನೋ? ನಾನು ದಿನಾ ಇದನ್ನ ಹಿಡ್ದು ನಿಲ್ತಿದ್ದೆ.”

ಅಳೆದು ನೋಡಿದೆ. ಪ್ಲಾಸ್ಟಿಕ್ ಕಂಬಿ 0.7 ಮಿ.ಮೀ. 87ರಿಂದ ಗುಣಿಸಿದರೆ ಆರು ಸೆಂಟಿಮೀಟರ್, ಕಂಬಿಯಲ್ಲ, ಕಂಬ! ಅವನ್ನೆಲ್ಲ ಬ್ಲೇಡಿನಿಂದ ಕೆರೆದು, ಕೈ ಡ್ರಿಲ್ಲಿನಲ್ಲಿ ತೂತು ಕೊರೆದು, 0.3 ಮಿ.ಮೀ. ಹಿತ್ತಾಳೆ ತಂತಿ ಬಗ್ಗಿಸಿ ಕೂರಿಸಿದೆ. ಮೂರು ಡ್ರಿಲ್ ಬಿಟ್ ಮುರಿದವು. ನಾಲ್ಕನೆಯದು ನೆಲಕ್ಕೆ ಬಿದ್ದು ಇವತ್ತಿಗೂ ಸಿಕ್ಕಿಲ್ಲ.

ಆಮೇಲಿನ ಕೆಲಸಕ್ಕೆ ಅಪ್ಪನೇ ಮೇಸ್ತ್ರಿ. ಹಳಸಲು ಬಣ್ಣ ಕೊಡಲು ನಾನು ಇಡೀ ಮೈಗೆ ಕಪ್ಪು ಸವರಲು ಹೊರಟಿದ್ದೆ, ತಡೆದರು. ಹೊಗೆ ಕೂರುವುದು ಬಾನೆಟ್ಟಿನ ಮೇಲೆ. ಎಣ್ಣೆ ಇಳಿಯುವುದು ಬಾಗಿಲ ಸಂದಿಯಿಂದ. ಕೆಳಗೆ, ಬ್ರೇಕ್ ಬ್ಲಾಕಿನ ಧೂಳಿನ ಕೆಂಪು. ಬಣ್ಣದ ಸೀಮೆಸುಣ್ಣ ಪುಡಿ ಮಾಡಿ ಮೆತ್ತನೆಯ ಬ್ರಶ್ಶಿನಲ್ಲಿ ಹಚ್ಚಿದೆ. ಎಡಗೈಯಲ್ಲಿ ಕಂಬಿ, ಬಲಗೈಯಲ್ಲಿ ಝಂಡಾ, ರಾತ್ರಿಯಾದರೆ ಲಾಟೀನು ಎಂದು ಎದ್ದು ನಿಂತು ತೋರಿಸಿದರು. ಹಾಗಾಗಿ ಎಡಗೈ ಹಿಡಿಯುವ ಎತ್ತರದಲ್ಲಿ ಮಾತ್ರ ಬಣ್ಣ ಕೆರೆದು ಹಿತ್ತಾಳೆ ಕಾಣುವಂತೆ ಬಿಟ್ಟೆ. ಮೆಟ್ಟಿಲ ಅಂಚಿಗೆ ಪೆನ್ಸಿಲ್ ಉಜ್ಜಿ ಚಪ್ಪಲಿ ಸವೆಸಿದ ಹೊಳಪು ಕೊಟ್ಟೆ.

“ಚಪ್ಪಲಿ ಅಲ್ಲ, ಬೂಟು,” ಅಂದರು. “ಮಳ್ಯಾಗ ಜಾರತಿತ್ತು. ಅದಕ್ಕ ನಿನ್ನ ಯಾರ್ಡಿಗೆ ಕರ್ಕೊಂಡ ಹೋಗ್ಲಿಲ್ಲ.”

ಕರೆದಿದ್ದರೂ ನಾನು ಹೋಗುತ್ತಿರಲಿಲ್ಲ. ಅದನ್ನು ಹೇಳಲಿಲ್ಲ.

ಹೋದ ವಾರ “ಮನಿಶ್ಯಾ ಎಲ್ಲಿ?” ಎಂದು ಕೇಳಿದರು. ಎರಡು ಸೆಂಟಿಮೀಟರಿನ ಬೊಂಬೆಯೊಂದು ಇತ್ತು, ವಿದೇಶಿ ಟೋಪಿಯವನು. ಟೋಪಿ ಕೆರೆದು, ನೀಲಿ ಅಂಗಿ ಹಚ್ಚಿ, ಕೈಗೆ ಚೂರು ಹಸಿರು ಕಾಗದ ಅಂಟಿಸಿ, ಮೆಟ್ಟಿಲ ಮೇಲೆ ನಿಲ್ಲಿಸಿ ತೋರಿಸಿದೆ. ಅಪ್ಪ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

“ಅಂಟು ಹಾಕಬ್ಯಾಡ ಈಗ. ಕಾಲು ತಪ್ಪು ಇಟ್ಟಾನ. ಹಿಂಗ ನಿಂತ್ರ ಬೀಳ್ತಾನ.”